ಪೂಜೆಗೆ ನಿಂತ ಸೈಕಲ್ಲು

ಮನುಷ್ಯನ ಬದುಕಿನಲ್ಲಿ ಹಿಂದಕ್ಕೆ ಹೆಜ್ಜೆ ಇಡಲಾಗದಂಥ ಗಳಿಗೆಗಳು ಬಹಳ ಇರುವುದಿಲ್ಲ. ಇರುವ ನಾಲ್ಕಾರು ಕೂಡ ಹಿರಿಯರ ಸಮ್ಮುಖದಲ್ಲಿ, ಪುರೋಹಿತರು ನೋಡಿಕೊಟ್ಟ ಹೊತ್ತಿನಲ್ಲಿ, ವಾದ್ಯದವರನ್ನು ಕರೆಸಿಕೊಂಡೇ ಬರುತ್ತವೆ. ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ಆದಿನಾರಾಯಣಪ್ಪನ ಪಾಲಿಗೆ ಮಾತ್ರ ಅಂಥದೊಂದು ಗಳಿಗೆ ಯಾವ ವಾದ್ಯವೂ ಇಲ್ಲದೆ, ದೊಡ್ಡಬೆಳವಂಗಲದ ಮಾವನ ಮನೆಯ ಕೊಟ್ಟಿಗೆಯ ಮುಂದೆ, ಆಯುಧಪೂಜೆಯ ದಿನ ಬೆಳಿಗ್ಗೆ, ಅವನಿನ್ನೂ ಮುಖ ತೊಳೆದಿರದಿದ್ದಾಗಲೇ ಬಂದುಬಿಟ್ಟಿತು. ತನ್ನ ಸೈಕಲ್ಲಿನ ಮುಂದಿನ ಚಕ್ರದಿಂದ ಬಿಚ್ಚಿದ ಹಳೇ ಟಯರನ್ನು ಅವನು ಕುಡುಗೋಲಿನಿಂದ ಕೊಯ್ದು ಎರಡು ತುಂಡು ಮಾಡಿದ. ಒಂದು ತುಂಡನ್ನು ಕೊಟ್ಟಿಗೆಯ ಬಾಗಿಲಿಗೆ ಕೀಲಿನ ಹಾಗೆ ಕಟ್ಟಿಸಬಹುದು ಮಾವ ಎಂದು ಎತ್ತಿ ತೋರಿಸಿದ. ಮಾವ ವೆಂಕಟರಾಯಪ್ಪನವರು ಟಯರಿನ ತುಂಡನ್ನು ನೋಡಿದರು, ಬೋಳಾಗಿ ಬಿದ್ದಿದ್ದ ಚಕ್ರವನ್ನು ನೋಡಿದರು, ಆಮೇಲೆ ಸಂಜೆಯ ಪೂಜೆಗೆ ಎಷ್ಟು ಹೊತ್ತಿದೆ ಎಂದು ಅಳೆಯುವವರಂತೆ ಸೂರ್ಯನ ಕಡೆ ನೋಡಿದರು. ಏನೂ ಹೇಳಲಿಲ್ಲ. ಅವರು ಏನೂ ಹೇಳದೆ ಇದ್ದಾಗಲೆಲ್ಲ ಆದಿನಾರಾಯಣಪ್ಪನಿಗೆ ಏನೋ ಹೇಳಿಸಿಕೊಂಡ ಹಾಗೆ ಆಗುತ್ತಿತ್ತು.

ಇದರ ಮೂಲ ಹಿಂದಿನ ದಿನದ ಒಂದು ಮಾತು. ಹೆಂಡತಿ ರುಕ್ಮಿಣಿಯನ್ನು ಕ್ಯಾರಿಯರ್ರಿನ ಮೇಲೆ ಕೂರಿಸಿಕೊಂಡು, ಹೊಸ ಟಯರನ್ನು ಹೆಗಲಿಗೆ ಅಡ್ಡಲಾಗಿ ತೂಗಿಹಾಕಿಕೊಂಡು ಅವನು ದೊಡ್ಡಬಳ್ಳಾಪುರದಿಂದ ಬಂದಿಳಿದಾಗ ಜಗಲಿಯ ಮೇಲೆ ಮಾವ ಮತ್ತು ಪಕ್ಕದ ಮನೆಯ ಪಾಪಯ್ಯ ಎಲೆ ಹಾಕುತ್ತ ಕೂತಿದ್ದರು. "ಅಂಗಡೀಲೇ ಹಾಕ್ಸ್ಕೊಂಡು ಬರಬೋದಾಗಿತ್ತಲ್ಲ ಅಳಿಯಂದಿರು," ಎಂದರು ಮಾವ. "ಅದಕ್ಕೆ ಅಂಗಡಿ ಯಾಕೆ ಮಾವ, ಐದು ನಿಮಿಷದ ಕೆಲಸ," ಎಂದ ಆದಿನಾರಾಯಣಪ್ಪ. ಹಾಗೆಂದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಂಗಡಿಯವನು ಅದನ್ನು ಐದು ನಿಮಿಷದಲ್ಲಿ ಮಾಡುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಇಲಾಖೆಯಲ್ಲಿ ಅವನ ಕೆಲಸವೂ ಅಂಥದೇ: ಹಳ್ಳಿಹಳ್ಳಿಗೆ ಹೋಗಿ, ಹುಳುವಿಗೆ ಸೊಪ್ಪು ಹೀಗೆ ಹಾಕಬೇಕು, ಅದು ಗೂಡು ಕಟ್ಟುವ ಚಂದ್ರಿಕೆಯನ್ನು ಹೀಗೆ ಒರಗಿಸಬೇಕು ಎಂದು ತೋರಿಸುವುದು. ಮಾಡುವುದು ರೈತರ ಕೆಲಸ. ತೋರಿಸುವುದಕ್ಕೂ ಮಾಡುವುದಕ್ಕೂ ನಡುವೆ ಏನೋ ಒಂದು ಇದೆ ಎಂಬ ಅನುಮಾನ ಅವನಿಗೆ ರಾತ್ರಿ ಹೊತ್ತು ಆಗೀಗ ಬರುತ್ತಿತ್ತಾದರೂ ಬೆಳಗಾಗುವಷ್ಟರಲ್ಲಿ ಹೋಗಿಬಿಡುತ್ತಿತ್ತು. ಇಷ್ಟಕ್ಕೂ ಆ ಸೈಕಲ್ಲು ಬರೀ ಸೈಕಲ್ಲಲ್ಲ. ಮದುವೆಯಲ್ಲಿ ಮಾವ ಕೊಟ್ಟದ್ದು. ಪ್ರತಿ ವರ್ಷ ಆಯುಧಪೂಜೆಗೆ ಅದು ಈ ಮನೆಯಂಗಳಕ್ಕೆ ಬಂದು, ಎತ್ತಿನ ಗಾಡಿಯ ಪಕ್ಕದಲ್ಲಿ ನಿಂತು, ಹೂವು ಮುಡಿದು, ತಾನು ಚೆನ್ನಾಗಿದ್ದೇನೆ ಎಂದು ಕೊಟ್ಟವರಿಗೆ ಒಪ್ಪಿಸಿ ಹೋಗಬೇಕು. ತವರಿಗೆ ಬಂದ ಮಗಳನ್ನು ನೋಡುವ ಕಣ್ಣಿನಲ್ಲೇ ವೆಂಕಟರಾಯಪ್ಪನವರು ಅದರ ಕಡ್ಡಿಗಳನ್ನು ನೋಡುತ್ತಿದ್ದರು. ಈ ಸಲ ಅದರ ಪಕ್ಕದಲ್ಲಿ ಚಿಕ್ಕ ಅಳಿಯ ಕೊಂಡಪ್ಪನ ಮೋಟಾರ್ ಬೈಕೂ ನಿಲ್ಲಲಿತ್ತು. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಕೊಂಡಪ್ಪ ಆ ಬೈಕನ್ನು ತಾನೇ ಕೊಂಡಿದ್ದ, ಮಾವ ಕೊಟ್ಟದ್ದಲ್ಲ. ಯೋಚಿಸಿದಷ್ಟೂ ಆದಿನಾರಾಯಣಪ್ಪನಿಗೆ ಅದು ಹೆಚ್ಚು ಅವಮಾನವಾಗಿ ಕಾಣುತ್ತಿತ್ತು. ಅಂಥ ಬೈಕಿನ ಪಕ್ಕದಲ್ಲಿ ಮೂಗು ನೆಲಕ್ಕೂರಿದ ಒಂಟಿ ಚಕ್ರದ ಸೈಕಲ್ಲು, ಅದರ ಪಕ್ಕದಲ್ಲಿ ತಾನು, ಮುಂದೆ ಪ್ರಸಾದಕ್ಕೆ ನೆರೆದ ಊರು: ಈ ಚಿತ್ರ ಕಣ್ಣ ಮುಂದೆ ಒಮ್ಮೆ ಬಂದದ್ದು ಮತ್ತೆ ಹೋಗಲಿಲ್ಲ.

ಆದರೂ ಬೆಳಿಗ್ಗೆ ಟಯರು ಕೊಯ್ದ ಹೊತ್ತಿಗೆ ಹೆದರುವಂಥದೇನೂ ಆಗಿರಲಿಲ್ಲ. "ಅಳಿಯಂದಿರಿಗೆ ನೀರು ಕಾದೈತೆ," ಎಂದು ಕರೆ ಬಂತು. ಅವನು ಹೋಗಿ ಎಣ್ಣೆ ಹಚ್ಚಿಸಿಕೊಂಡು, ಮೈ ಕೆಂಪಾಗುವ ಹಾಗೆ ಮಿಂದು, ದೋಸೆ ತಿಂದು, ಹಗುರವಾದ ಮನಸ್ಸಿನಿಂದ ಕೊಟ್ಟಿಗೆಯ ಹತ್ತಿರ ಬಂದಾಗ ಚಕ್ರ ಬಿಟ್ಟ ಕಡೆಯೇ ಇತ್ತು, ಹೊಸ ಟಯರು ಗೋಡೆಗೆ ಒರಗಿತ್ತು, ಸ್ಪ್ಯಾನರು ಇರಲಿಲ್ಲ. ಟಯರು ಎಬ್ಬಿಸುವ ಕಬ್ಬಿಣದ ಪಟ್ಟಿಗಳೂ ಇರಲಿಲ್ಲ. ಪಂಪೂ ಇರಲಿಲ್ಲ. ಪಡಸಾಲೆಗೆ ಬಂದು ನೋಡಿದರೆ ಗೋಡೆಯ ಉದ್ದಕ್ಕೂ ತೊಳೆದ ಮಣೆಗಳ ಮೇಲೆ ಮನೆಯ ಕಬ್ಬಿಣವೆಲ್ಲ ಮಲಗಿತ್ತು. ಹಾರೆ, ಗುದ್ದಲಿ, ನೇಗಿಲಿನ ಗುಳ, ಬಾಚಿ, ಬೆಳಿಗ್ಗೆ ಟಯರು ಕೊಯ್ದ ಅದೇ ಕುಡುಗೋಲು, ಈಳಿಗೆಮಣೆ, ಅಡಕತ್ತರಿ, ಮತ್ತೆ ಇವುಗಳ ನಡುವೆ, ದೊಡ್ಡವರ ಸಾಲಿನಲ್ಲಿ ಕೂತ ನೆಂಟರ ಮಕ್ಕಳಂತೆ, ತನ್ನ ಸ್ಪ್ಯಾನರು, ಪಟ್ಟಿಗಳು, ಪಂಪು. ಎಲ್ಲಕ್ಕೂ ಅರಿಶಿನ, ಕುಂಕುಮ, ಒಂದೊಂದು ಚೆಂಡುಹೂವು. ಪಂಪಿನ ಹಿಡಿಗೆ ಹೂವಿನ ದಂಡೆಯನ್ನೇ ಸುತ್ತಿದ್ದರು.

"ಮಾವ, ಆ ಪಟ್ಟಿ..."

"ಇಟ್ಟಾಯ್ತು," ಎಂದರು ವೆಂಕಟರಾಯಪ್ಪನವರು, ಒಂದು ಉಳಿಯ ತುದಿಗೆ ಕುಂಕುಮ ಹಚ್ಚುತ್ತ.

"ಒಂದು ಗಳಿಗೆ ಕೊಟ್ಟಿದ್ರೆ, ಟಯರು ಕೂರಿಸಿ ತಂದಿಟ್ಬಿಡ್ತಿದ್ದೆ."

"ಪೂಜೆಗೆ ಕೂತಿರೋದನ್ನ ಎಬ್ಬಿಸೋಕಾಗ್ತದಾ ಅಳಿಯಂದಿರೇ. ಇನ್ನು ನಾಳೆ ಬೆಳಿಗ್ಗೆ ಮಂಗಳಾರತಿ ಆದಮ್ಯಾಲೇ. ವರ್ಸಕ್ಕೆ ಒಂದು ದಿನ ಅವೂ ಸುಧಾರಿಸ್ಕಳ್ಲಿ. ನಿಮ್ಮತ್ತೆ ನೋಡಿ, ಕೋಳಿ ಕೂಗೋಕೆ ಮುಂಚೆ ಎದ್ದು ತರಕಾರಿ ಎಲ್ಲ ಹೆಚ್ಚಿಟ್ಟವ್ಳೆ."

ಅಡಿಗೆಮನೆಯ ಬಾಗಿಲ ಹಿಂದಿನಿಂದ ಬಳೆಯ ಸದ್ದಾಯಿತು. ಅತ್ತೆ ಮುನಿತಾಯಮ್ಮ ಅಳಿಯನ ಎದುರಿಗೆ ನಿಂತು ಮಾತಾಡುವವರಲ್ಲ. ಮದುವೆಯಾದಂದಿನಿಂದ ಅವರ ಮಾತುಗಳೆಲ್ಲ ಅದೇ ಬಾಗಿಲ ಸಂದಿನಿಂದ, ಮಗಳ ಹೆಸರಿಗೆ ಹೊರಟು, ಅವನಿಗೆ ಬಂದು ಮುಟ್ಟುತ್ತಿದ್ದವು. "ರುಕ್ಮಿಣೀ, ಅವರು ಕಾಫಿ ಕುಡುದ್ರೇನೇ ಕೇಳು," ಎಂದು ಅವನಿಗೆ ಕೇಳಿಸುವಷ್ಟು ಹತ್ತಿರದಿಂದಲೇ ಅವರು ಹೇಳುತ್ತಿದ್ದರು. ಅವನು ಕುಡಿದೆ ಎಂದು ರುಕ್ಮಿಣಿಗೆ ಹೇಳುತ್ತಿದ್ದ. ರುಕ್ಮಿಣಿ ಅಲ್ಲಿ ಇಲ್ಲದಿದ್ದರೂ ಈ ಏರ್ಪಾಟು ಚೆನ್ನಾಗಿಯೇ ನಡೆಯುತ್ತಿತ್ತು.

ಊರಿನ ಸೈಕಲ್ ಶಾಪಿನ ಸಾಬರನ್ನು ಕರೆಸೋಣವೆಂದರೆ ಅವರೂ ಪಂಪಿಗೆ ಹೂವು ಮುಡಿಸಿ ಬಾಗಿಲು ಹಾಕಿಕೊಂಡು ಹೋಗಿದ್ದರು. ಹಾಗಾಗಿ ಆದಿನಾರಾಯಣಪ್ಪ ಹೊಸ ಪಂಚೆಯನ್ನು ಮೇಲಕ್ಕೆ ಕಟ್ಟಿಕೊಂಡು, ಚಕ್ರವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಜಗಲಿಯ ಮೇಲೆ ಬರಿಗೈಯಲ್ಲಿ ಕೂತ. ಮೊದಲಿಗೆ ಎಲ್ಲವೂ ಸಲೀಸಾಗಿ ನಡೆಯಿತು. ಟಯರಿನ ಒಂದು ಅಂಚು ಎದುರಾಡದೆ ರಿಮ್ಮಿನ ಒಳಗೆ ಹೋಯಿತು. ಟ್ಯೂಬನ್ನು ಒಳಗೆ ತುರುಕಿ, ವಾಲ್ವನ್ನು ತೂತಿನಲ್ಲಿ ಕೂರಿಸಿ, ಇನ್ನೊಂದು ಅಂಚನ್ನು ಹೆಬ್ಬೆರಳುಗಳಿಂದ ಒತ್ತುತ್ತ ಒಂದು ಸುತ್ತು ಬಂದ. ಮುಕ್ಕಾಲು ದಾರಿ ಬಂದ. ಇನ್ನೂ ಸ್ವಲ್ಪ ಬಂದ. ಉಳಿದದ್ದು ಒಂದು ಗೇಣು. ಆ ಒಂದು ಗೇಣು ಟಯರು ರಿಮ್ಮಿನ ಅಂಚಿನ ಮೇಲೆ ಬಿಗಿದುಕೊಂಡು, ತಂತಿಯಂತೆ ನೆಟ್ಟಗೆ ನಿಂತು, ಒಳಕ್ಕೂ ಬರುವುದಿಲ್ಲ ಹೊರಕ್ಕೂ ಹೋಗುವುದಿಲ್ಲ ಎಂದು ಕೂತುಬಿಟ್ಟಿತು. ಈ ಕಡೆ ಒತ್ತಿದರೆ ಆ ಕಡೆ ಎದ್ದಿತು. ಆ ಕಡೆಗೆ ಮೊಣಕಾಲು ಕೊಟ್ಟರೆ ಈ ಕಡೆ ಹೆಬ್ಬೆರಳ ಕೆಳಗಿನಿಂದ ಜಾರಿತು. ತನ್ನ ಬದುಕಿನಲ್ಲಿ ಯಾವುದು ತಾನೇ ಈ ಕೊನೆಯ ಗೇಣನ್ನು ದಾಟಿದೆ ಎಂದು ಅವನಿಗೆ ಅನ್ನಿಸತೊಡಗಿತು. ಇಂಟರ್‌ಮೀಡಿಯಟ್ಟಿನಲ್ಲಿ ಒಂದೇ ಒಂದು ವಿಷಯ ಉಳಿಯಿತು. ಇನ್‌ಸ್ಪೆಕ್ಟರ್ ಆಗುವ ಪಟ್ಟಿ ಪ್ರತಿ ಸಲವೂ ಅವನ ಹೆಸರಿನ ಮೇಲಿನ ಹೆಸರಿಗೆ ಮುಗಿಯುತ್ತಿತ್ತು. ಹುಟ್ಟೂರು ಚನ್ನರಾಯಪಟ್ಟಣದಲ್ಲಿ ಅವನ ಮನೆಯ ಬಾವಿ ಕೂಡ ನೀರಿಗೆ ಒಂದು ಮಟ್ಟು ಮೇಲೆಯೇ ಬಂಡೆ ಸಿಕ್ಕಿ ನಿಂತದ್ದು. ಬಗ್ಗಿ ಒತ್ತುತ್ತಿದ್ದಾಗ ಮೂಗಿನ ತುದಿಯಿಂದ ಬೆವರು ಹೊಸ ರಬ್ಬರಿನ ಮೇಲೆ ಬಿತ್ತು. ರಬ್ಬರಿನ ವಾಸನೆ ಹಿತವಾಗಿತ್ತು, ಅದೊಂದು ಸಮಾಧಾನ.

"ಏನ್ ಸ್ವಾಮಿ, ಟಯರು ದೊಡ್ಡದಾಯ್ತಾ?" ಎಂದ ಪಾಪಯ್ಯ. ಅವನು ಯಾವಾಗ ಬಂದು ಎದುರು ಕಂಬಕ್ಕೆ ಒರಗಿದನೋ ತಿಳಿಯದು. ಹಬ್ಬದ ದಿನ ಅವನಿಗೆ ಬೇರೆ ಕೆಲಸವಿರಲಿಲ್ಲ. ಬೇರೆ ದಿನಗಳಲ್ಲೂ ಇರಲಿಲ್ಲ.

"ದೊಡ್ಡದಾದ್ರೆ ಸುಲಭವಾಗಿ ಹೋಗ್ತಿತ್ತು ಪಾಪಯ್ಯ. ಬಿಗಿ ಇದೆ."

"ಹಂಗಾರೆ ಚಿಕ್ಕದು ಕೊಟ್ಟವ್ನೆ ಅಂಗಡಿಯೋನು."

"ಇಲ್ಲ, ಅಳತೆ ಸರಿಯಾಗೇ ಇದೆ."

ಪಾಪಯ್ಯ ಇದನ್ನು ಬಾಯೊಳಗೆ ಎಲೆಯಡಿಕೆಯ ಜೊತೆ ಸ್ವಲ್ಪ ಹೊತ್ತು ಅಗಿದ. "ಅಳತೆ ಸರಿ ಇದ್ರೆ ಕೂರಬೇಕಲ್ಲ," ಎಂದ.

ಒಳಗಿನಿಂದ ಬಾಗಿಲು ಮಾತಾಡಿತು: "ರುಕ್ಮಿಣೀ, ಅವರಿಗೆ ಹೇಳೇ, ಒಂದೀಟು ಹರಳೆಣ್ಣೆ ಸವರಿದ್ರೆ ಜಾರ್ಕಂಡು ಹೋಗ್ತದೆ." ಆದಿನಾರಾಯಣಪ್ಪನ ಕೈ ಗಕ್ಕನೆ ನಿಂತಿತು. ಇದೇ ದನಿ, ಇದೇ ಎಣ್ಣೆ. ಮದುವೆಯ ದಿನ, ಚಪ್ಪರದ ಕೆಳಗೆ ಅವನು ಮಂಡಿಯೂರಿ ಕೂತಿದ್ದಾನೆ. ಬಾಸಿಂಗ ಹಣೆಯಿಂದ ಕಣ್ಣಿಗೆ ಜಾರುತ್ತಿದೆ. ಎಡಗೈಯಲ್ಲಿ ಅರಿಶಿನ ಹಚ್ಚಿದ ಒಂದು ಪಾದ, ಬಲಗೈಯಲ್ಲಿ ಬೆಳ್ಳಿಯ ಕಾಲುಂಗುರ. ಅದು ಬೆರಳಿನ ಗಿಣ್ಣಿನವರೆಗೂ ಬಂದು ನಿಂತುಬಿಟ್ಟಿದೆ. ಸುತ್ತ ಹೆಂಗಸರ ನಗು. ಯಾರೋ, ಹುಡುಗನಿಗೆ ಊಟ ಸಾಲದು ಅನ್ನುತ್ತಾರೆ. ವೆಂಕಟರಾಯಪ್ಪನವರು ಏನೂ ಹೇಳುತ್ತಿಲ್ಲ. ಹೆಂಗಸರ ಗುಂಪಿನ ಹಿಂದಿನಿಂದ ಹರಳೆಣ್ಣೆ ಅನ್ನುತ್ತದೆ ಒಂದು ದನಿ. ಎಣ್ಣೆ ಬರುವುದರೊಳಗೆ, ಅವನು ಅಲ್ಲಿಯವರೆಗೆ ಮುಖವನ್ನೇ ಸರಿಯಾಗಿ ನೋಡಿರದ ಆ ಹುಡುಗಿ, ಸೀರೆಯ ಅಂಚಿನ ಮರೆಯಲ್ಲಿ ಬೆರಳನ್ನು ಒಮ್ಮೆ ಕೊಂಕಿಸಿ, ಮುಂದಕ್ಕೆ ನೂಕಿ, ಉಂಗುರವನ್ನು ತಾನೇ ತೊಟ್ಟುಕೊಂಡುಬಿಡುತ್ತಾಳೆ. ತೊಡಿಸಿದ, ತೊಡಿಸಿದ ಎಂದು ವಾದ್ಯ ಊದುತ್ತದೆ. ಆ ವಿಷಯ ಇಬ್ಬರೂ ಇವತ್ತಿನವರೆಗೆ ಎತ್ತಿಲ್ಲ. ಈಗ ಅದೇ ರುಕ್ಮಿಣಿ ಎಣ್ಣೆಯ ಗಿಂಡಿ ಹಿಡಿದು ಹತ್ತಿರ ನಿಂತಿದ್ದಳು. "ಹಾಕ್ಲಾ?" ಎಂದಳು.

ಎಣ್ಣೆ ಹಾಕಿದ ಮೇಲೆ ಟಯರಿನ ಸ್ವಭಾವವೇ ಬದಲಾಯಿತು. ಮೊದಲು ಹಟ ಹಿಡಿದಿದ್ದದ್ದು ಈಗ ಕುಣಿಯತೊಡಗಿತು. ಎಲ್ಲಿ ಹಿಡಿದರೂ ಜಾರಿ, ರಿಮ್ಮಿನ ಸುತ್ತ ಗಿರಗಿರ ತಿರುಗಿ, ಕೊನೆಗೆ ಪೂರಾ ಹೊರಗೆ ಬಂದು, ಅಂಗಳದಲ್ಲಿ ಸ್ವಲ್ಪ ದೂರ ತಾನೇ ಉರುಳಿಕೊಂಡು ಹೋಗಿ, ರಂಗೋಲಿಯ ಮೇಲೆ ಮಲಗಿತು. ಪಾಪಯ್ಯ ಎದ್ದು ಹೋಗಿ ಅದನ್ನು ಎರಡು ಬೆರಳಲ್ಲಿ ಎತ್ತಿ ತಂದುಕೊಟ್ಟು, ಮತ್ತೆ ಕಂಬಕ್ಕೆ ಒರಗಿದ. ಎಣ್ಣೆ ತಾಕಿದರೆ ಟ್ಯೂಬು ಹಾಳಾಗುತ್ತದೆ ಎಂದು ಆದಿನಾರಾಯಣಪ್ಪನಿಗೆ ಆಗ ನೆನಪಾಯಿತು. ರುಕ್ಮಿಣಿ ಟ್ಯೂಬನ್ನು ಅವನ ಕೈಯಿಂದ ತೆಗೆದುಕೊಂಡು, ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ನೆರಳಿನಲ್ಲಿ ಆರಲಿ ಎಂದು ಕೊಟ್ಟಿಗೆಯ ಗೂಟಕ್ಕೆ, ಎತ್ತಿನ ಹಗ್ಗಗಳ ಜೊತೆ ತೂಗಿಹಾಕಿದಳು. ಅವನು ಟಯರನ್ನೂ ರಿಮ್ಮನ್ನೂ ಬೂದಿ ಹಾಕಿ ಉಜ್ಜುತ್ತ ಕೂತ. ಊಟದ ಹೊತ್ತಾಯಿತು. ಒಬ್ಬಟ್ಟಿನ ಊಟದಲ್ಲಿ ಅವನ ಬೆರಳುಗಳಿಂದ ತುಪ್ಪಕ್ಕಿಂತ ಹೆಚ್ಚಾಗಿ ಹರಳೆಣ್ಣೆಯೇ ಘಮಘಮಿಸುತ್ತಿತ್ತು. ಹೆಬ್ಬೆರಳುಗಳು ಬಾತು, ಅನ್ನ ಕಲಸುವಾಗ ಬೇರೆ ಯಾರದೋ ಬೆರಳುಗಳಂತೆ ಎಲೆಯ ಮೇಲೆ ಓಡಾಡಿದವು.

"ಬಿಟ್ಬಿಡಿ ಅಳಿಯಂದಿರೇ," ಎಂದರು ವೆಂಕಟರಾಯಪ್ಪನವರು. "ಈ ಮನೇಲಿ ಅಳಿಯಂದಿರು ಬೆವರು ಸುರಿಸೋದು ನಮಗೂ ಶ್ರೇಯಸ್ಸಲ್ಲ. ಒಂದು ವರ್ಸ ಚಕ್ರ ಪಕ್ಕದಲ್ಲಿ ಒರಗಿಸಿ ಪೂಜೆ ಮಾಡಿದ್ರಾಯ್ತು. ಯಾರೇನಂದಾರು."

ಯಾರು ಏನು ಅನ್ನುತ್ತಾರೆ ಎಂಬುದು ಆದಿನಾರಾಯಣಪ್ಪನಿಗೆ ಅಕ್ಷರಶಃ ಗೊತ್ತಿತ್ತು. ಅನ್ನುವವನು ಆಗಲೇ ಪಕ್ಕದ ಎಲೆಯಲ್ಲಿ ಕೂತು ಎರಡನೆಯ ಒಬ್ಬಟ್ಟು ಹಾಕಿಸಿಕೊಳ್ಳುತ್ತಿದ್ದ.

ಬಿಸಿಲು ಇಳಿಮುಖವಾಗುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಸದ್ದು ಕೇಳಿಸಿತು, ನಾಯಿಗಳು ಬೊಗಳಿದವು, ಕೊಂಡಪ್ಪನ ಮೋಟಾರ್ ಬೈಕು ಬಂದು ಅಂಗಳದಲ್ಲಿ ನಿಂತು, ನಿಂತ ಮೇಲೂ ಸ್ವಲ್ಪ ಹೊತ್ತು ಗುಡುಗಿತು. ಅವನ ಹೆಂಡತಿ ಲಕ್ಷ್ಮೀದೇವಿ ಬಾಣಂತಿಯಾಗಿ ಇದೇ ಮನೆಯ ಒಳಕೋಣೆಯಲ್ಲಿದ್ದಳು. ಅವನು ಮಗುವನ್ನು ನೋಡಲು ಹೋಗುವ ಮೊದಲು ಷಡ್ಡಕನ ತೊಡೆಯ ಮೇಲಿನ ಚಕ್ರವನ್ನು ನೋಡಿದ. ಕರಿ ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದ. "ಏನಣ್ಣಾ, ಕೂರ್ತಾ ಇಲ್ವಾ? ಇರಿ, ಗಾಡೀಲಿ ಟೂಲ್ಸ್ ಐತೆ, ಎರಡ್ ನಿಮಿಷ," ಎಂದು ಬೈಕಿನ ಪಕ್ಕದ ಪೆಟ್ಟಿಗೆಯಿಂದ ಒಂದು ಚರ್ಮದ ಚೀಲ ತೆಗೆದು ಬಿಚ್ಚಿದ. ಒಳಗೆ ಹೊಳೆಯುವ ಸ್ಪ್ಯಾನರುಗಳು ಗಾತ್ರದ ಪ್ರಕಾರ ಮಲಗಿದ್ದವು. ಐದು ನಿಮಿಷ ಎಂದಿದ್ದ ತಾನೆಲ್ಲಿ, ಎರಡು ನಿಮಿಷ ಅನ್ನುವ ಇವನೆಲ್ಲಿ ಎಂದು ಆದಿನಾರಾಯಣಪ್ಪ ಒಳಗೇ ಕುಗ್ಗುತ್ತಿದ್ದಾಗ, ಹಿಂದಿನಿಂದ ಒಂದು ಕೈ ಬಂದು ಚೀಲವನ್ನು ಮೃದುವಾಗಿ ತೆಗೆದುಕೊಂಡಿತು.

"ಒಳ್ಳೇ ಹೊತ್ತಿಗೆ ತಂದ್ರಿ," ಎಂದರು ವೆಂಕಟರಾಯಪ್ಪನವರು. "ಇನ್ನೂ ಒಂದು ಮಣೆ ಖಾಲಿ ಇತ್ತು."

ಕೊಂಡಪ್ಪ ಬರಿಗೈಯನ್ನು ಹಾಗೇ ಚಾಚಿಕೊಂಡು ನಿಂತ. ಪಡಸಾಲೆಯಲ್ಲಿ ಅವನ ಸ್ಪ್ಯಾನರುಗಳಿಗೆ ಒಂದೊಂದಾಗಿ ಅರಿಶಿನ ಬೀಳುವುದು ಕಾಣುತ್ತಿತ್ತು. ಆ ಇಡೀ ದಿನದಲ್ಲಿ ಆದಿನಾರಾಯಣಪ್ಪನಿಗೆ ಮೊದಲ ಸಲ ಮಾವನ ಮೇಲೆ ನಿಜವಾದ ಗೌರವ ಹುಟ್ಟಿತು.

"ನಮ್ ಫ್ಯಾಕ್ಟ್ರೀಲಿ ಇಂಥಾದ್ಕೆಲ್ಲ ಮಿಷಿನ್ನೇ ಐತೆ ಅಣ್ಣಾ," ಎಂದ ಕೊಂಡಪ್ಪ, ಪಕ್ಕದಲ್ಲಿ ಕುಕ್ಕರಿಸುತ್ತ.

"ಇವತ್ತು ಅದಕ್ಕೂ ಪೂಜೆ ಮಾಡಿರ್ತಾರೆ."

"ಹೂಂ. ನೆನ್ನೇನೇ ಆಯ್ತು. ಬೂದುಗುಂಬಳ ಒಡೆದ್ರು."

"ರುಕ್ಮಿಣೀ," ಎಂದಿತು ಬಾಗಿಲು, "ಅವರಿಬ್ಬರಿಗೂ ಹೇಳೇ, ಬಿಗಿ ಬಳೆಗೆ ಬಳೆಗಾರ ಎಣ್ಣೆ ಹಾಕಲ್ಲ, ಸೋಪು ಹಾಕ್ತಾನೆ. ಬಳೇನ ನೂಕಲ್ಲ. ಕೈಯ ಹಿಸುಕ್ತಾನೆ."

"ಬೆಳಿಗ್ಗೆ ಎಣ್ಣೆ ಅಂದಿದ್ದೂ ನೀನೇ ಅಲ್ವೇನವ್ವಾ," ಎಂದಳು ರುಕ್ಮಿಣಿ.

"ಬೆಳಿಗ್ಗೆ ಒಬ್ಬರೇ ಇದ್ರಲ್ಲೇ," ಎಂದರು ಮುನಿತಾಯಮ್ಮ. ಇದರ ಅರ್ಥ ಯಾರೂ ಕೇಳಲಿಲ್ಲ. ಬಚ್ಚಲಿನಿಂದ ಸೋಪು ಬಂತು. ಅಳಿಯಂದಿರಿಬ್ಬರೂ ಜಗಲಿಯ ಮೇಲೆ ಎದುರುಬದುರಾಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿ, ಚಕ್ರವನ್ನು ನಡುವೆ ನಿಲ್ಲಿಸಿಕೊಂಡು ಕೂತರು. ಮದುವೆಯಾದ ಮೇಲೆ ಇಷ್ಟು ಹತ್ತಿರದಿಂದ ಅವರು ಒಬ್ಬರನ್ನೊಬ್ಬರು ನೋಡಿರಲಿಲ್ಲ. ಕೊಂಡಪ್ಪನ ಮೂಗಿನ ಪಕ್ಕದಲ್ಲಿ ಒಂದು ಚಿಕ್ಕ ಗಾಯದ ಗುರುತಿತ್ತು. ಮುಖಕ್ಕೆ ಹಚ್ಚಿದ್ದ ಸ್ನೋ ಬೆವರಿಗೆ ಕರಗಿ ಅದರ ಸುತ್ತ ಬೆಳ್ಳಗೆ ನಿಂತಿತ್ತು. ಹಲ್ಲು ಕಚ್ಚಿದಾಗ ಅವನೂ ಯಾವುದೋ ಹಳ್ಳಿಯ ಹುಡುಗನೇ. "ನೀವು ಆ ಕಡೆಯಿಂದ ಹಿಸುಕ್ತಾ ಬನ್ನಿ," ಎಂದ ಆದಿನಾರಾಯಣಪ್ಪ. "ನೀವು ಬಿಡಬೇಡಿ ಅಣ್ಣಾ, ನೀವು ಬಿಟ್ರೆ ನನ್ನ ಕಡೆ ಏಳ್ತದೆ." "ಬಿಟ್ಟಿಲ್ಲ." "ಬಿಟ್ರಿ." "ಅದು ಸೋಪು." ಇಬ್ಬರ ಹಣೆಗಳೂ ಒಮ್ಮೆ ಡಿಕ್ಕಿಯಾದವು. ಪಾಪಯ್ಯ ಕಂಬ ಬಿಟ್ಟು ಮುಂದೆ ಬಂದ. ಟಯರು ಒಂದು ಗೇಣಿಗೆ ಬಂತು, ಚೋಟಿಗೆ ಬಂತು, ಒಮ್ಮೆ ಎಲ್ಲರ ಮುಖವನ್ನೂ ನೋಡಿದಂತೆ ನಿಂತು, ಟಪ್ಪೆಂದು ಒಳಗೆ ಕೂತಿತು. ಎಷ್ಟು ಸಲೀಸಾಗಿ ಕೂತಿತೆಂದರೆ ಬೆಳಿಗ್ಗೆಯಿಂದ ಇದಕ್ಕಾಗಿಯೇ ಒದ್ದಾಡಿದ್ದು ಎಂದು ಹೇಳಿಕೊಳ್ಳಲು ನಾಚಿಕೆಯಾಗುವಂತಿತ್ತು. ಪಾಪಯ್ಯ ನಿರಾಸೆಯಿಂದ ಎಲೆಯ ಪಿಚಕಾರಿ ಹಾರಿಸಿ ಬರಲು ಹೊರಟ. ಚಕ್ರವನ್ನು ಸೈಕಲ್ಲಿಗೆ ಸಿಕ್ಕಿಸಿ, ನಟ್ಟುಗಳನ್ನು ಬೆರಳಿನಲ್ಲೇ ಆದಷ್ಟು ಬಿಗಿದದ್ದಾಯಿತು. ಕೊಂಡಪ್ಪ ಕೈ ತೊಳೆದುಕೊಂಡು ಮಗುವನ್ನು ನೋಡಲು ಹೋದ.

ಆದಿನಾರಾಯಣಪ್ಪ ಇನ್ನೊಮ್ಮೆ ಮಿಂದು, ಇಸ್ತ್ರಿಯ ಅಂಗಿ ತೊಟ್ಟು, ಅಂಗಳಕ್ಕೆ ಬಂದಾಗ ಸೂರ್ಯ ಹುಣಿಸೆಮರದ ಹಿಂದೆ ಇಳಿದಿದ್ದ. ಎತ್ತಿನ ಗಾಡಿ, ಮೋಟಾರ್ ಬೈಕು, ಸೈಕಲ್ಲು ಸಾಲಾಗಿ ನಿಂತಿದ್ದವು. ಮೂರಕ್ಕೂ ಬಾಳೆಕಂದು, ಮಾವಿನೆಲೆ. ಬೀದಿಯವರು ಬಂದು ನೆರೆದಿದ್ದರು. ಸೈಕಲ್ಲು ಎರಡು ಚಕ್ರದ ಮೇಲೆ ನಿಂತಿತ್ತು. ಒಂದು ಚಕ್ರದ ಟಯರು ಕಪ್ಪಗೆ, ಗೆರೆಗೆರೆಯಾಗಿ, ಹೊಚ್ಚ ಹೊಸದಾಗಿತ್ತು. ವೆಂಕಟರಾಯಪ್ಪನವರು ಬಗ್ಗಿ ಅದನ್ನು ಮುಟ್ಟಿ ನೋಡಿ ತಲೆಯಾಡಿಸಿದರು. ಆ ತಲೆಯಾಡಿಕೆಗಾಗಿ ಆದಿನಾರಾಯಣಪ್ಪ ಮದುವೆಯಾದ ಲಾಗಾಯ್ತಿನಿಂದ ಕಾಯುತ್ತಿದ್ದ. ಎದೆ ತುಂಬಿಬಂದು, ಯಾರ ಕಣ್ಣಿಗೂ ಬೀಳಬಾರದೆಂದು ಅವನು ಮುಖವನ್ನು ಕೊಟ್ಟಿಗೆಯ ಕಡೆ ತಿರುಗಿಸಿದ. ಗೂಟದಲ್ಲಿ ಎತ್ತಿನ ಹಗ್ಗಗಳ ಜೊತೆ ಟ್ಯೂಬು ತೂಗುತ್ತಿತ್ತು.

ಸ್ವಲ್ಪ ಗಾಳಿ ಬೀಸುತ್ತಿದ್ದುದರಿಂದ ಅದು ಮೆಲ್ಲಗೆ ಅಲ್ಲಾಡುತ್ತಲೂ ಇತ್ತು. ಅದನ್ನು ಅವನು ಎಷ್ಟು ಹೊತ್ತು ನೋಡಿದನೋ. ಹಾಗಾದರೆ ಟಯರು ಕೂತದ್ದು ಸೋಪಿನಿಂದಲ್ಲ, ಬಳೆಗಾರನ ಉಪಾಯದಿಂದಲ್ಲ, ಇಬ್ಬರ ಬಲದಿಂದಲೂ ಅಲ್ಲ. ಒಳಗೆ ಏನೂ ಇರಲಿಲ್ಲ, ಅದಕ್ಕೇ ಕೂತಿತು. ಟೊಳ್ಳಿಗೆ ಮಾವ ತಲೆಯಾಡಿಸಿದ್ದಾರೆ. ಟೊಳ್ಳಿಗೆ ಈಗ ಪುರೋಹಿತರು ಅಕ್ಷತೆ ಹಾಕುತ್ತಿದ್ದಾರೆ. ಹೇಳಿಬಿಡಲೇ? ಈಗಲೇ, ಮಂತ್ರದ ನಡುವೆ, ಮಾವ, ಟ್ಯೂಬು ಮರೆತುಹೋಯಿತು ಎಂದು? ಹೇಳಿದರೂ ಬಿಚ್ಚುವಂತಿಲ್ಲ, ಚಕ್ರಕ್ಕೂ ಕುಂಕುಮ ಬಿದ್ದಾಗಿದೆ. ಮುಂದಿನ ಹತ್ತು ವರ್ಷ ಈ ಜಗಲಿಯ ಮೇಲೆ ಪಾಪಯ್ಯ ಎಲೆಗೆ ಸುಣ್ಣ ಹಚ್ಚುವ ಮೊದಲು ಒಮ್ಮೆ, ಹಚ್ಚಿದ ಮೇಲೆ ಒಮ್ಮೆ ಅದನ್ನು ಹೇಳುತ್ತಾನೆ. ಆಗ ಅವನ ಕಣ್ಣು ರಿಮ್ಮಿನ ಒಳಸುತ್ತಿಗೆ ಹೋಯಿತು. ವಾಲ್ವು ಇರಬೇಕಾದ ಜಾಗದಲ್ಲಿ ತೂತು, ಎಲ್ಲರ ಕಡೆಗೂ ಬಾಯಿ ತೆರೆದುಕೊಂಡಿತ್ತು. ಅಷ್ಟರಲ್ಲಿ ಹೂವಿನ ತಟ್ಟೆ ಹಿಡಿದಿದ್ದ ರುಕ್ಮಿಣಿ ಮುಂದೆ ಬಂದಳು. ಗಾಡಿಯ ನೊಗಕ್ಕೆ ಹೂವಿಟ್ಟಳು, ಬೈಕಿನ ದೀಪಕ್ಕೆ ಹೂವಿಟ್ಟಳು, ಸೈಕಲ್ಲಿನ ಮುಂದೆ ಕೂತು ಒಂದು ಚೆಂಡುಹೂವನ್ನು ತೊಟ್ಟಿನ ಸಮೇತ ಆ ತೂತಿಗೆ ಸಿಕ್ಕಿಸಿ, ಹೆಬ್ಬೆರಳಿನಿಂದ ಒತ್ತಿ ಭದ್ರಪಡಿಸಿದಳು. ಗಂಡನ ಕಡೆ ನೋಡಲಿಲ್ಲ. ಸೀರೆಯ ಅಂಚಿನಿಂದ ಅವಳ ಕಾಲುಂಗುರ ಒಂದು ಗಳಿಗೆ ಕಂಡು ಮರೆಯಾಯಿತು.

ಚಕ್ರಗಳಿಗೆ ನಿಂಬೆಹಣ್ಣಿಟ್ಟು ಹತ್ತಿಸುವುದು ಕೊನೆಯ ಶಾಸ್ತ್ರ. ಗಾಡಿ ಹತ್ತಿಸಿದರು. ಕೊಂಡಪ್ಪ ಬೈಕು ಗುಡುಗಿಸಿ ಹತ್ತಿಸಿದ. ನಿಂಬೆಹಣ್ಣು ಪಚಕ್ಕೆಂದು ಪಾಪಯ್ಯನ ಪಂಚೆಗೆ ಸಿಡಿಯಿತು. ಆದಿನಾರಾಯಣಪ್ಪ ಸೈಕಲ್ಲನ್ನು ಹಸುಗೂಸನ್ನು ಎತ್ತಿದಂತೆ ಅರ್ಧ ಎತ್ತಿಕೊಂಡೇ ಮುಂದಕ್ಕೆ ನಡೆಸಿದ. ಆದರೂ ನಿಂಬೆಹಣ್ಣಿನಿಂದ ಇಳಿಯುವಾಗ ರಿಮ್ಮು ಕಲ್ಲಿಗೆ ತಾಗಿ ಟಣ್ಣೆಂದಿತು.

"ಗಾಳಿ ಇಲ್ವಲ್ಲ," ಎಂದರು ವೆಂಕಟರಾಯಪ್ಪನವರು.

"ಪಂಪು ಪೂಜೆಗೆ ಕೂತಿದೆ ಮಾವ," ಎಂದ ಆದಿನಾರಾಯಣಪ್ಪ.

ವೆಂಕಟರಾಯಪ್ಪನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅದು ಸರಿ," ಎಂದರು.

ಆದರೆ ಪಂಪು ಎಷ್ಟು ಕಾಲವೆಂದು ಪೂಜೆಗೆ ಕೂತೀತು. ಮಾರನೆಯ ಬೆಳಿಗ್ಗೆ ಮಂಗಳಾರತಿಯ ಕರ್ಪೂರ ಆರುವ ಮೊದಲೇ ಮಾವ ಅದನ್ನು ಕೈಯಾರೆ ಎತ್ತಿ, ಅರಿಶಿನ ಒರೆಸಿ, ಅಂಗಳಕ್ಕೆ ತಂದರು. ಕೊಂಡಪ್ಪ ಪಾಳಿಯ ಹೊತ್ತಾಯಿತೆಂದು ಬೈಕಿನ ಮೇಲೆ ಕೂತು ಒದೆಯಲಿದ್ದ. ರುಕ್ಮಿಣಿ ಕಜ್ಜಾಯದ ಚೀಲ ಹಿಡಿದು ನಿಂತಿದ್ದಳು. ಪಾಪಯ್ಯ ಕಂಬಕ್ಕೆ ಬಂದಾಗಿತ್ತು. "ತಗಳ್ಳಿ ಅಳಿಯಂದಿರೇ, ಗಾಳಿ ಹೊಡ್ಕಳ್ಳಿ," ಎಂದರು ಮಾವ.

ಆದಿನಾರಾಯಣಪ್ಪ ಪಂಪನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕಣ್ಣಿಗೆ ಒತ್ತಿಕೊಂಡ. ಹಿಂದಕ್ಕೆ ಕೊಟ್ಟ. ಬಾಯಿಂದ ಏನು ಬರಲಿದೆ ಎಂದು ಅವನಿಗೇ ತಿಳಿದಿರಲಿಲ್ಲ. ಅದು ರೈತರ ಮುಂದೆ ಇಲಾಖೆಯ ಕರಪತ್ರ ಓದುವ ದನಿಯಲ್ಲಿ, ತಡವರಿಸದೆ ಬಂತು. "ನಮ್ಮ ಚನ್ನರಾಯಪಟ್ಟಣದ ಕಡೆ ಒಂದು ಪದ್ಧತಿ ಮಾವ. ಪೂಜೆಯಾದ ಗಾಡಿ ಮೇಲೆ ದೇವರು ಕೂತಿರ್ತಾನೆ. ಊರ ಗಡಿ ದಾಟೋವರೆಗೂ ಅದನ್ನ ಮನುಷ್ಯ ಹತ್ತೋ ಹಾಗಿಲ್ಲ. ಗಾಳಿ ಗೀಳಿ ಹೊಡೆಯೋ ಹಾಗೂ ಇಲ್ಲ. ಹೂವು ಕೂಡ ಕದಲಿಸಲ್ಲ. ತಳ್ಕೊಂಡೇ ಹೋಗೋದು."

ಪಾಪಯ್ಯ ಬಾಯಿ ತೆರೆದ. ಅವನು ಏನನ್ನಾದರೂ ಕೇಳುವ ಮೊದಲು, ಮದುವೆಯಾದ ಮೇಲೆ ಮೊಟ್ಟಮೊದಲ ಸಲ, ಮುನಿತಾಯಮ್ಮ ಸೆರಗು ಹೊದ್ದು ಬಾಗಿಲಿನಿಂದ ಹೊರಗೆ ಬಂದು, ಅಳಿಯನ ಮುಂದೆ ನಿಂತರು. "ಒಳ್ಳೇ ಪದ್ಧತಿ ಕಣಪ್ಪ," ಎಂದರು, ನೇರವಾಗಿ ಅವನಿಗೇ.

"ಇಷ್ಟು ವರ್ಸ ಹೇಳ್ಲೇ ಇಲ್ವಲ್ಲ ನೀವು," ಎಂದರು ವೆಂಕಟರಾಯಪ್ಪನವರು. ಅವರ ದನಿಯಲ್ಲಿ ನೋವಿತ್ತು. "ನಾವು ತಿಳೀದೆ ತಪ್ಪು ಮಾಡ್ತಾ ಬಂದ್ವಿ. ಇನ್ಮೇಲೆ ಈ ಮನೇಲೂ ಇದೇಯ." ಆಮೇಲೆ ಅವರು ನಿಧಾನವಾಗಿ ಬೈಕಿನ ಕಡೆ ತಿರುಗಿದರು. "ಇಳೀರಿ," ಎಂದರು ಚಿಕ್ಕ ಅಳಿಯನಿಗೆ.

"ಮಾವ, ನಂಗೆ ಪಾಳಿ..."

"ದೊಡ್ಡ ಅಳಿಯಂದಿರೇ ನಡೀತಾ ಅವ್ರೆ."

ದೊಡ್ಡಬೆಳವಂಗಲದ ಬೀದಿಯಲ್ಲಿ ಜನ ಹೊಸಿಲಿಗೆ ಬಂದು ನಿಂತು ನೋಡಿದರು. ಮುಂದೆ ಆದಿನಾರಾಯಣಪ್ಪ ಸೈಕಲ್ಲು ತಳ್ಳುತ್ತಿದ್ದ, ತಲೆ ಎತ್ತಿದ್ದ, ಒಂದು ಚೆಂಡುಹೂವು ಚಕ್ರದ ಜೊತೆ ಮೇಲಕ್ಕೆ ಹೋಗಿ ಕೆಳಗೆ ಬರುತ್ತಿತ್ತು. ಪಕ್ಕದಲ್ಲಿ ರುಕ್ಮಿಣಿ. ಹಿಂದೆ ಕೊಂಡಪ್ಪ ಕರಿ ಕನ್ನಡಕ ಜೇಬಿಗಿಟ್ಟು, ಬೈಕಿಗೆ ಹೆಗಲು ಕೊಟ್ಟು, ಏರಿನಲ್ಲಿ ಏದುಸಿರು ಬಿಡುತ್ತಿದ್ದ. ಗಡಿಯ ಆಲದ ಮರ ಬಂದಾಗ ಮೂವರೂ ನಿಂತರು.

"ಅಣ್ಣಾ, ನಿಜ ಹೇಳಿ," ಎಂದ ಕೊಂಡಪ್ಪ, ಮುಖ ಒರೆಸಿಕೊಳ್ಳುತ್ತ. "ಇಂಥಾ ಪದ್ಧತಿ ಐತಾ?"

"ಇದೆಯಲ್ಲ," ಎಂದ ಆದಿನಾರಾಯಣಪ್ಪ. "ಈಗ ತಾನೆ ಮಾಡಿದ್ವಿ."

ಕೊಂಡಪ್ಪ ಅದರ ಬಗ್ಗೆ ಯೋಚಿಸಲು ನಿಲ್ಲಲಿಲ್ಲ. ಬೈಕು ಒದ್ದು, ಹತ್ತಿ, ಧೂಳೆಬ್ಬಿಸಿಕೊಂಡು ಹೋದ. ಧೂಳು ಅಡಗಿದ ಮೇಲೆ ಆದಿನಾರಾಯಣಪ್ಪ ಹೆಂಡತಿಯ ಕಡೆ ನೋಡಿ, ಏನು ಕೇಳಬೇಕೆಂದು ತಿಳಿಯದೆ, ಕೊಟ್ಟಿಗೆಯ ಗೂಟ ಇದ್ದ ದಿಕ್ಕಿಗೆ ಗಲ್ಲ ಎತ್ತಿದ.

"ಕಜ್ಜಾಯದ ಕೆಳಗೆ ಇಟ್ಟಿದೀನಿ," ಎಂದಳು ರುಕ್ಮಿಣಿ.

ಪಟ್ಟಿಗಳೂ ಪಂಪೂ ಮಾವನ ಮನೆಯಲ್ಲೇ ಉಳಿದಿದ್ದವು. ಇಬ್ಬರೂ ನಡೆದರು. ದೊಡ್ಡಬಳ್ಳಾಪುರದ ಸೈಕಲ್ ಅಂಗಡಿ ತಲುಪಿದಾಗ ಮಧ್ಯಾಹ್ನ ದಾಟಿತ್ತು. ವಿಜಯದಶಮಿಯಾದ್ದರಿಂದ ಅಂಗಡಿ ಮುಚ್ಚಿತ್ತು.